ಕಣದ ಮೇಲಿನ ಮಂಗಳ

"ಮಾಸ್ತರ, ಗಾಳಿ ಯಾವ ಕಡಿಂದ ಬರತೈತಿ ಅಂತ ನೋಡಿ ನಿಲ್ಲಾಕ ಬರೂದಿಲ್ಲೇನ್ರಿ ನಿಮಗ?"

ತುಕ್ಕಾನಟ್ಟಿಯ ಕಣದಲ್ಲಿ ಎತ್ತರದ ಮಣೆಯ ಮೇಲೆ ನಿಂತು ಜೋಳ ತೂರುತ್ತಿದ್ದ ರಾಮವ್ವ ಕೇಳಿದಳು. ನನ್ನ ಬಿಳಿ ಅಂಗಿಯ ತುಂಬ ಹೊಟ್ಟು, ಕೈಯಲ್ಲೊಂದು ಪತ್ರಿಕೆ. ಮೊರದ ಅಂಚಿನ ಮೇಲಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ತುಟಿ ಬಿಗಿದಿತ್ತು, ಕಣ್ಣು ನಗುತ್ತಿತ್ತು.

ಅದು ೧೯೫೭ರ ಫೆಬ್ರವರಿ. ನಾನು ಗೋಕಾಕದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಅವಳು ನನ್ನ ಸೋದರಮಾವನ ಮಗಳು. ಮದುವೆಗೆ ಹಿರಿಯರೆಲ್ಲ ಒಪ್ಪಿದ್ದರು. ಅವಳೊಬ್ಬಳೇ ಹೂಂ ಅಂದಿರಲಿಲ್ಲ.

"ನೀವು ಬಿಎಸ್ಸಿ, ನಾ ಸಾಲಿ ಕಲ್ತದ್ದು ನಾಕನೇ ಇಯತ್ತೆ. ನಿಮ್ಮ ಮನ್ಯಾಗ ಬಾಯಿ ಮುಚ್ಚಿಕೊಂಡು ಕುಂದ್ರಾಕ ನನಗ ಆಗೂದಿಲ್ಲ."

"ಮುಚ್ಚಿಕೋ ಅಂದವರ‍್ಯಾರು?"

"ಹಂಗಾದ್ರ ಹೇಳ್ರಿ, ಕೈಯಾಗಿಂದು ಎಂಥಾ ಚಿತ್ರ?"

ಪತ್ರಿಕೆ ತೋರಿಸಿದೆ. ಹಿಂದಿನ ವರ್ಷ ಮಂಗಳ ಗ್ರಹ ಭೂಮಿಗೆ ಹತ್ತಿರ ಬಂದಾಗ ಬರೆದ ಎರಡು ಚಿತ್ರಗಳು. ಕೆಂಪು ನೆಲದ ಮೇಲಿನ ಕಪ್ಪು ಮಚ್ಚೆ ಎರಡನೆಯದರಲ್ಲಿ ಅಗಲವಾಗಿತ್ತು. ಅದು ಅಲ್ಲಿ ಬೆಳೆಯುವ ಗಿಡಗಂಟಿ ಎಂದು ಓದಿದ್ದೆ, ಅವಳಿಗೂ ಹಾಗೆಯೇ ಹೇಳಿದೆ. ಮರುವಾರ ಶಾಲೆಯ ಭಾಷಣದಲ್ಲಿ ಅದನ್ನೇ ಹೇಳುವವನಿದ್ದೆ.

"ಅಲ್ಲಿ ಗಾಳಿ ಐತೇನ್ರಿ?"

"ಐತಿ. ದೊಡ್ಡ ಧೂಳಿನ ಬಿರುಗಾಳಿನ ಎದ್ದಿತ್ತಂತ."

ಅವಳು ಮಣೆಯಿಂದ ಇಳಿದಳು. ಸಗಣಿ ಸಾರಿಸಿದ ಕಪ್ಪು ಕಣದ ಮೇಲೆ ಬಿಳಿಚಿದ ಹೊಟ್ಟು ಹರಡಿತ್ತು. ಒಂದು ಕಲ್ಲಿನ ಹಿಂದೆ ಬಾಲದಂತೆ ಚಾಚಿತ್ತು. ಗಾಳಿ ಬೀಸಿತು. ಹೊಟ್ಟು ಸರಿದು ಕಪ್ಪು ಅಗಲವಾಯಿತು.

"ಇಲ್ಲಿ ಏನರ ಬೆಳೀತೇನ್ರಿ? ನೆಲ ಮೊದಲ ಕಪ್ಪ ಇತ್ತು. ಮ್ಯಾಲಿಂದು ಹಾರಿ ಹೋತು."

ನಾನು ನೆಲವನ್ನೂ ಕೈಯಲ್ಲಿದ್ದ ಚಿತ್ರವನ್ನೂ ನೋಡಿದೆ. ಆಮೇಲೆ ಅವಳನ್ನು.

ಭಾಷಣಕ್ಕೆ ಮಾವನ ಜೊತೆ ಅವಳನ್ನೂ ಕರೆದೆ. "ಕಪ್ಪು ಮಚ್ಚೆ ಗಿಡಗಂಟಿಯೇ ಇರಲಿಕ್ಕಿಲ್ಲ, ಗಾಳಿ ಧೂಳು ಸರಿಸಿ ತೆರೆದ ನೆಲವೂ ಇರಬಹುದು. ಇದಿನ್ನೂ ಸಾಬೀತಾಗಿಲ್ಲ" ಎಂದೆ. "ಆದರೆ ಈ ವಿಚಾರ ನನ್ನದಲ್ಲ. ತುಕ್ಕಾನಟ್ಟಿಯ ರಾಮವ್ವನದು."

ಮುಂದೆ ಕೂತಿದ್ದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ತಿರುಗಿ ನೋಡಿದರು. "ಯಾವ ಕಾಲೇಜಿನಾಗ ಕಲ್ತಾರ ಅವರು?"

ಹಿಂದಿನ ಸಾಲಿನಲ್ಲಿ ರಾಮವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು, ತಲೆ ಬಗ್ಗಿಸಲಿಲ್ಲ.

"ಕಾಲೇಜ ಅಲ್ರಿ ಸಾಹೇಬ್ರ. ನಮ್ಮ ಕಣದಾಗ."

ಮಾವ ತಲೆಗೆ ಸುತ್ತಿದ ಪಟಗಾದ ತುದಿಯಿಂದ ಕಣ್ಣೊರೆಸಿಕೊಂಡರು.

ಹೊರಗೆ ಅಂಗಳದಲ್ಲಿ ಧೂಳೆದ್ದಿತ್ತು. ನಾನು ಅತ್ತಿತ್ತ ನೋಡಿ, ಗಾಳಿ ಬರುವ ಕಡೆಗೆ, ಅವಳ ಮಗ್ಗುಲಿಗೆ ಹೋಗಿ ನಿಂತೆ.

"ಕಲ್ತ್ರಿ ಬಿಡ್ರಿ," ಅಂದಳು. "ಅಪ್ಪಗ ಹೇಳ್ರಿ, ನಾ ಹೂಂ ಅಂದೆ ಅಂತ."

"ನೀನ ಹೇಳು. ಬಾಯಿ ಮುಚ್ಚಿಕೊಂಡಿರಾಕ ಆಗೂದಿಲ್ಲ ಅಂದಿದ್ದಿಯಲ್ಲ."

ಅವಳು ನಗುತ್ತ ಅಪ್ಪನ ಕಡೆ ನಡೆದಳು.