ಬೀಜಾಡಿಯ ಉಪ್ಪು ಬಾವಿಗಳು

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ. ಬಚ್ಚ ಪೂಜಾರಿ ತನ್ನ ಮನೆಯ ಬಾವಿಗೆ ಇಣುಕಿದ. ಕೆಳಗೆ ಸೊಂಟದಷ್ಟು ನೀರು. ಅದರಲ್ಲಿ ಚಂದಯ್ಯ ಬೋರಲಾಗಿ ಬಿದ್ದಿದ್ದ.

ಚಂದಯ್ಯ ಬಾವಿ ಶುಚಿ ಮಾಡುವವನು. ಮೂವತ್ತು ವರ್ಷಗಳಿಂದ ಬೀಜಾಡಿಯ ಬಾವಿಗಳಿಗೆಲ್ಲ ಇಳಿದು ಹತ್ತಿದವನು. ಉಪ್ಪಾಗಿದ್ದ ಬಚ್ಚನ ಬಾವಿ ಖಾಲಿ ಮಾಡಲು ಗುರುವಾರ ಬಂದಿದ್ದ. ನೀರಿಲ್ಲದ ಮನೆಯಲ್ಲಿ ಇರಲಾಗದೆ ಬಚ್ಚ ಸಂಸಾರ ಸಮೇತ ಹಂಗಾರಕಟ್ಟೆಯ ತಂಗಿ ಮನೆಗೆ ಹೋಗಿದ್ದ. ಹಿಂದಿರುಗಿದಾಗ ಕಂಡದ್ದು ಇದು.

"ಕಾಲು ಜಾರಿರಬೇಕು," ಎಂದರು ಎಸ್‌ಐ ಕುಸುಮಾವತಿ.

ಪಕ್ಕದಲ್ಲಿ ತೃಷಾ ನಿಂತಿದ್ದಳು. ಕುಂದಾಪುರದ 'ತೆರೆಮಾತು' ಚಾನೆಲ್‌ನ ವರದಿಗಾರ್ತಿ. ಮೊಬೈಲ್‌ನಲ್ಲಿ ನೋಡುವ ಚಾನೆಲ್ ಅದು. ಸುದ್ದಿ ಓದುವವಳೂ ಅವಳೇ. 'ಬೀಜಾಡಿಯ ಬಾವಿಗಳಿಗೆ ನುಗ್ಗಿದ ಕಡಲು, ಮನೆ ದರ ನೆಲಕ್ಕೆ' ಎಂದು ಹತ್ತು ದಿನಗಳಿಂದ ಓದುತ್ತಿದ್ದಳು. ಕೆಂಪು ಬಾಣ ಕೆಳಗಿಳಿಯುವ ಚಿತ್ರ ಪ್ರತಿ ಸಲವೂ ಅವಳ ಹಿಂದೆ ಓಡುತ್ತಿತ್ತು.

"ಮೇಡಂ, ಇಲ್ಲಿ ಕಾಣಿ, ಹಗ್ಗ," ಎಂದು ತೋರಿಸಿದಳು ತೃಷಾ.

ಚಂದಯ್ಯನ ಹಗ್ಗ ಬಾವಿಕಟ್ಟೆಯ ಮೇಲೆ ಸುರುಳಿಯಾಗಿತ್ತು. ಒಣಗಿತ್ತು.

"ಅಂವ ಸೊಂಟಕ್ಕೆ ಹಗ್ಗ ಕಟ್ಟದೆ ಇಳೂದಿಲ್ಲೆ," ಎಂದ ಬಚ್ಚ. "ನೀರೊಳಗೆ ಉಸಿರು ಹಿಡಿಯೂಕೆ ಅವ್ನಷ್ಟ್ ಗೊತ್ತಿದ್ದವ್ರ್ ಯಾರೂ ಇಲ್ಲೆ."

"ಹಾಗಾದರೆ ಕೆಲಸ ಮುಗಿಸಿ ಮೇಲೆ ಬಂದಿದ್ದ," ಎಂದರು ಕುಸುಮಾವತಿ. "ಆಮೇಲೆ ಬಿದ್ದಿದ್ದಾನೆ."

"ಅಥವಾ ಯಾರೋ ದೂಡಿದ್ದಾರೆ," ಎಂದಳು ತೃಷಾ.

ಕುಸುಮಾವತಿ ಹಗ್ಗ ಮುಟ್ಟಿ ನೋಡಿದರು. ಚಂದಯ್ಯನ ಮೊಬೈಲ್ ಎಲ್ಲೂ ಸಿಗಲಿಲ್ಲ.

"ಕರೆ ವಿವರ ತರಿಸ್ತೇನೆ," ಎಂದರು.

*

ಚಂದಯ್ಯನ ಮನೆ ಕಡಲಿಗೆ ನೂರು ಹೆಜ್ಜೆ. ಹೆಂಡತಿ ಜಲಜ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲ ಬಳಿ ನಾಲ್ಕು ನೀರಿನ ಕ್ಯಾನ್.

ತೃಷಾ ಹಿತ್ತಲ ಬಾವಿಯಿಂದ ಒಂದು ಕೊಡ ನೀರು ಸೇದಿ ಗುಟುಕು ಬಾಯಿಗೆ ಹಾಕಿದಳು. ಸಿಹಿ.

"ಜಲಜಕ್ಕ, ಈ ನೀರು ಚಲೋ ಇತ್ತಲ್ಲ! ಮತ್ತೆ ಕ್ಯಾನ್ ಎಂತಕ್ಕೆ?"

"ನೀನೇ ಹೇಳ್ದಿ ಅಲ್ದಾ, ಕುಡೂಕಾಗ ಅಂತ. ನಾಲಿಗೆಗೆ ಸಿಹಿ ಅನ್ಸ್ರೂ ಮನ್ಸ್ ಒಪ್ಪಲಿಲ್ಲೆ."

ತೃಷಾಳ ಕೈಯಲ್ಲಿದ್ದ ಕೊಡ ಭಾರವಾಯಿತು. ಇಡೀ ಕೇರಿ ತನ್ನ ನಾಲಿಗೆಗಿಂತ ಅವಳ ಮಾತು ನಂಬಿತ್ತು.

ಇನ್ನೊಂದು ವಿಷಯ ಹೊಳೆಯಿತು. ಕಡಲೇ ನುಗ್ಗಿದ್ದರೆ ಮೊದಲು ಉಪ್ಪಾಗಬೇಕಾದ ಬಾವಿ ಇದು. ಆದರೆ ಉಪ್ಪಾದ ಮೂರೂ ಬಾವಿ ರಸ್ತೆಯ ಬದಿಯವು. ಕಾರು ನಿಲ್ಲಿಸಿ ಎರಡು ಹೆಜ್ಜೆ ಇಟ್ಟರೆ ಸಿಗುವಂಥವು.

"ನಿನ್ನೆ ಅವ್ರ್ ಎಂತಾದ್ರೂ ಹೇಳಿದ್ರಾ?"

ಜಲಜ ಕಣ್ಣೊರೆಸಿಕೊಂಡಳು. "ಮಧ್ಯಾಹ್ನ ಫೋನ್ ಮಾಡಿದ್ರ್. ಬಾವಿ ಅಡಿಗೆ ತೂತ್ ಮಾಡಿದ ಪ್ಲಾಸ್ಟಿಕ್ ಚೀಲ ಸಿಕ್ಕಿತ್, ಚೀಲದೊಳಗೆ ಉಪ್ಪಿತ್ ಅಂದ್ರ್. 'ಟಿವಿಯವ್ರಿಗೆ ಹೇಳ್ತೆ, ಜನ ಹೆದ್ರೂದ್ ನಿಲ್ಲಲಿ. ಸಂಜೆ ಹಂಗಾರಕಟ್ಟೆಗೆ ಹೋಯಿ ಬಚ್ಚಣ್ಣಂಗೂ ಹೇಳ್ತೆ' ಅಂದ್ರ್. ರಾತ್ರಿ ಅಲ್ಲೇ ಉಳ್ದ್ರ್ ಅಂದ್ಕಂಡೆ."

"ಟಿವಿಯವ್ರಿಗಾ? ಯಾವ ನಂಬರಿಗೆ?"

"ಸುದ್ದಿ ಮುಗ್ಸುವಾಗ ನೀನ್ ದಿನಾ ಒಂದ್ ನಂಬ್ರ ಹೇಳ್ತೆ ಅಲ್ದಾ. ಅದಕ್ಕೇ."

*

ಕೇರಿಯಲ್ಲಿ ಐದು ಮನೆಗಳ ಮಾರಾಟ ಅರ್ಧ ದರಕ್ಕೆ ಕರಾರಾಗಿತ್ತು. ಒಂದನ್ನು ಹಿಡಿದವರು ಬೈಂದೂರಿನ ಮಂಜಯ್ಯ ಶೆಟ್ಟರು. ಮುಂಬೈಯಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದವರು. ಸಂಶಯ ಮೊದಲು ಹೋದದ್ದು ಅವರ ಮೇಲೆ. ಬಚ್ಚನ ಬಾವಿಯ ನೀರನ್ನು ಬ್ರಹ್ಮಾವರದ ಲ್ಯಾಬಿಗೆ ಬಸ್ಸಲ್ಲಿ ಕಳಿಸಿ, ತೃಷಾ ಬೈಂದೂರಿಗೆ ಸ್ಕೂಟರ್ ಓಡಿಸಿದಳು.

"ಅರ್ಧ ದರಕ್ಕೆ ಮನೆ ಸಿಗುತ್ತೆ ಅಂತ ನಿಮ್ಗೆ ಹ್ಯಾಂಗ್ ಗೊತ್ತಾಯ್ತು, ಶೆಟ್ರೆ?"

ಶೆಟ್ಟರು ಕೆರಳಿದರು. "ಹ್ವಾಯ್, ನನ್ನ ಎಂತಕ್ಕೆ ಕೇಂತೆ? ನಿನ್ನ ಸುದ್ದಿ ಕಂಡೇ ನಾನ್ ದರ ಇಳ್ಸಿ ಕೇಂಡದ್ದ್. ಪಕ್ಕದ ಮನೆನೂ ಬೇಕಿತ್. ಅದೂ ಸೇರಿ ಉಳ್ದ ನಾಲ್ಕೂ ಮನೆ ನಂಗಿಂತ ಮೊದ್ಲೇ ವಿನಯಾ ಅಂಬ ಹೆಂಗ್ಸಿನ ಹೆಸ್ರಿಗೆ ಕರಾರಾಯ್ತ್ ಗಡ."

"ಗುರುವಾರ ಮಧ್ಯಾಹ್ನ ಎಲ್ಲಿದ್ರಿ?"

"ಮೊಮ್ಮಗಳ ಶಾಲೆಯಲ್ಲಿ. ಮುನ್ನೂರ್ ಜನರ ಎದ್ರಿಗೆ ಭಾಷಣ ಮಾಡ್ತಿದ್ದೆ. ಕೇಂಡ್ ಕಾಣ್."

ಅವಳು ಕೇಳಿ ನೋಡಿದಳು. ನಿಜ. ಶೆಟ್ಟರು ಅವಕಾಶ ಕಂಡು ಕೈಚಾಚಿದವರು. ಕೊಲೆಗಾರರಲ್ಲ.

*

ಮಧ್ಯಾಹ್ನ ಮೂರಕ್ಕೆ ಲ್ಯಾಬಿನಿಂದ ಫೋನ್ ಬಂತು.

"ಇದು ಕಡಲ ನೀರಲ್ಲ. ಕಡಲ ನೀರಾದರೆ ಮೆಗ್ನೀಸಿಯಂ ಚೆನ್ನಾಗಿ ಇರಬೇಕು. ಇದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಶುದ್ಧ ಮಾಡಿದ ಉಪ್ಪು ಸುರಿದ ಹಾಗಿದೆ."

ಹಿಂದೆಯೇ ಕುಸುಮಾವತಿಯವರ ಫೋನ್. ಚಂದಯ್ಯನ ಕೊನೆಯ ಕರೆ ಗುರುವಾರ ಒಂದೂ ಇಪ್ಪತ್ತಕ್ಕೆ, 'ತೆರೆಮಾತು' ಸುದ್ದಿ ಮೊಬೈಲ್‌ಗೆ. ನಾಲ್ಕು ನಿಮಿಷ.

ಆ ಮೊಬೈಲ್ ಯಾವಾಗಲೂ ಕ್ಯಾಮೆರಾಮನ್ ನಿತೇಶನ ಕಿಸೆಯಲ್ಲಿ ಇರುತ್ತಿತ್ತು. ಗುರುವಾರ ಇಡೀ ಮಧ್ಯಾಹ್ನ ಅವನು ತೃಷಾಳ ಜೊತೆ ವಂಡ್ಸೆಯಲ್ಲಿ ಚಿತ್ರೀಕರಣದಲ್ಲಿದ್ದ. ಚಂದಯ್ಯ ಹೇಳಿದ್ದನ್ನು ಅಲ್ಲಿಂದಲೇ ಯಾರಿಗಾದರೂ ತಿಳಿಸಿದನೇ? ಆಫೀಸಿನ ಮೆಟ್ಟಿಲಲ್ಲಿ ಅವನನ್ನು ತಡೆದಳು.

"ನಿತೇಶ, ಚಂದಯ್ಯನ ಫೋನ್ ತೆಗ್ದದ್ದ್ ನೀನಾ?"

"ನಾನಲ್ಲ ಮಾರಾಯ್ತಿ. ಆ ಮೊಬೈಲ್ ಆದಿತ್ಯವಾರದಿಂದ ಬಾಸ್ ಹತ್ರ ಇತ್. 'ಬೀಜಾಡಿ ಕರೆ ಎಲ್ಲ ನಾನೇ ಕಾಂತೆ' ಅಂದ್ರ್."

"ಬಾಸ್ ಹೆಂಡ್ತಿ ಹೆಸ್ರ್ ಎಂತದು?"

"ವಿನಯಾ. ಎಂತಕ್ಕೆ?"

ಶೆಟ್ಟರು ಹೇಳಿದ್ದೂ ಅದೇ ಹೆಸರು. ಬಾಸ್ ಎಂದರೆ ಭೋಜರಾಜ. ಚಾನೆಲ್‌ನ ಮಾಲೀಕ. ಅವಳಿಗೆ ಮೊದಲ ಕೆಲಸ ಕೊಟ್ಟು, ಕ್ಯಾಮೆರಾ ಎದುರು ನಿಲ್ಲಲು ಕಲಿಸಿದವರು.

ಬಚ್ಚನಿಗೆ ಫೋನ್ ಮಾಡಿದಳು. "ಬಚ್ಚಣ್ಣ, ನೀರು ಉಪ್ಪಾದ್ದು ಸರಿಯಾಗಿ ಯಾವತ್ತು?"

"ಹೋದ ವಾರ ಮಂಗ್ಳವಾರ. ಸೋಮವಾರ ರಾತ್ರಿ ಅದೇ ನೀರಂಗೆ ಗಂಜಿ ಬೇಯ್ಸಿ ಉಂಡಿತ್. ಬೆಳಿಗ್ಗೆ ಚಾ ಬಾಯಿಗೆ ಇಟ್ರೆ ಬರೀ ಉಪ್ಪು. ಹೆಂಡ್ತಿಗೆ ಹೇಳೂದ್ರೊಳಗೆ ಪಕ್ಕದ್ಮನೆ ಸೂರ ಓಡಿ ಬಂದ. ಮೊಬೈಲಂಗೆ ನಿನ್ನ ಸುದ್ದಿ ಬತ್ತಿತ್."

ತೃಷಾ ತನ್ನ ಮೊಬೈಲ್ ತೆಗೆದು ಹಳೆಯ ಸಂದೇಶ ಹುಡುಕಿದಳು. ಸಿಕ್ಕಿತು. ಆಮೇಲೆ ಎಸ್‌ಐಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಮುಂದೇನು ಮಾಡ್ತೀಯಾ?" ಕುಸುಮಾವತಿ ಕೇಳಿದರು.

"ಏಳು ಗಂಟೆಗೆ ಸುದ್ದಿ ಓದ್ತೇನೆ. ನೇರ ಪ್ರಸಾರ."

*

ಏಳಕ್ಕೆ ಐದು ನಿಮಿಷ. ಭೋಜರಾಜ ಕಾಗದ ಕೊಟ್ಟರು. 'ಉಪ್ಪು ಬಾವಿಗೆ ಒಂದು ಬಲಿ. ಬೀಜಾಡಿಯಲ್ಲಿ ಮನೆ ಕೇಳುವವರಿಲ್ಲ.'

"ದನಿಯಲ್ಲಿ ಸ್ವಲ್ಪ ದುಃಖ ಇರಲಿ," ಎಂದು ಕ್ಯಾಮೆರಾ ಹಿಂದೆ ನಿಂತರು.

ದೀಪ ಹತ್ತಿತು. ತೃಷಾ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ನಮಸ್ಕಾರ. ಕೊಟ್ಟ ಸುದ್ದಿಯನ್ನು ನಾನು ಇವತ್ತು ಓದುವುದಿಲ್ಲ. ಬೀಜಾಡಿಗೆ ಕಡಲು ನುಗ್ಗಿಲ್ಲ. ರಸ್ತೆ ಬದಿಯ ಮೂರು ಬಾವಿಗಳಿಗೆ ಯಾರೋ ಉಪ್ಪಿನ ಚೀಲ ಹಾಕಿದ್ದಾರೆ. ಚಂದಯ್ಯ ಆ ಚೀಲ ಕಂಡುಹಿಡಿದರು. ಅದಕ್ಕೇ ಅವರ ಕೊಲೆಯಾಯಿತು."

"ಕಟ್ ಮಾಡೋ!" ಭೋಜರಾಜ ಗದರಿದರು. ನಿತೇಶ ಕ್ಯಾಮೆರಾದಿಂದ ಕೈ ತೆಗೆಯಲಿಲ್ಲ.

"ಬಚ್ಚಣ್ಣನ ಬಾವಿ ಉಪ್ಪಾದದ್ದು ಸೋಮವಾರ ರಾತ್ರಿ ಊಟದ ನಂತರ. ಮಂಗಳವಾರ ಬೆಳಿಗ್ಗೆ ಪ್ರಸಾರವಾದ ಸುದ್ದಿಯನ್ನು ನಾನು ಓದಿ ರೆಕಾರ್ಡ್ ಮಾಡಿದ್ದು ಸೋಮವಾರ ಸಂಜೆ ಐದಕ್ಕೆ. ಅದರಲ್ಲಿ ಬಚ್ಚಣ್ಣನ ಹೆಸರೂ ಇತ್ತು. ಬಾವಿ ಇನ್ನೂ ಸಿಹಿಯಿದ್ದಾಗಲೇ ಅದು ಉಪ್ಪಾಗುತ್ತದೆ ಎಂದು ಗೊತ್ತಿದ್ದವರು ಯಾರು? ಉಪ್ಪು ಹಾಕಲು ಹೊರಟವರು. ಆ ಬರಹ ನನಗೆ ಬಂದದ್ದು ನಾಲ್ಕೂ ಹತ್ತಕ್ಕೆ. ಕಳಿಸಿದವರು ಭೋಜರಾಜ, ಈ ಚಾನೆಲ್‌ನ ಮಾಲೀಕರು. ನಾಲ್ಕು ಮನೆಗಳ ಕರಾರು ಇವರ ಹೆಂಡತಿಯ ಹೆಸರಲ್ಲಿದೆ. ಚಂದಯ್ಯ ಚೀಲದ ವಿಷಯ ಹೇಳಲು ಕರೆ ಮಾಡಿದ ಮೊಬೈಲ್ ಇವರ ಕೈಯಲ್ಲಿತ್ತು."

"ಓದಿದವಳು ನೀನು!" ಭೋಜರಾಜ ಕಿರುಚಿದರು. "ಜನ ಹೆದರಿದ್ದು ನಿನ್ನ ಮುಖ ಕಂಡು!"

"ಹೌದು, ಸರ್. ನಾನೇ ಓದಿದೆ. ಓದುವ ಮೊದಲು ಒಂದು ಸಲವೂ ಬೀಜಾಡಿಗೆ ಹೋಗಿ ನೀರಿನ ರುಚಿ ನೋಡಲಿಲ್ಲ. ಅದು ನನ್ನ ತಪ್ಪು. ಈಗ ಇದನ್ನು ಹೇಳುವವಳೂ ನಾನೇ. ಏನು ಮಾಡ್ತೀರಿ, ಮಾಡಿ."

ಭೋಜರಾಜ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಕುಸುಮಾವತಿ ನಿಂತಿದ್ದರು.

"ನಿಮ್ಮ ಕಾರಿನ ಡಿಕ್ಕಿಯಲ್ಲಿ ತೂತು ಮಾಡಿದ ಚೀಲ ಸಿಕ್ಕಿದೆ," ಎಂದರು. "ಚಂದಯ್ಯನ ಮೊಬೈಲೂ ಇದೆ. ನಡೀರಿ."

ಠಾಣೆಯಲ್ಲಿ ಭೋಜರಾಜ ಬಾಯಿಬಿಟ್ಟರು. ಅಗ್ಗಕ್ಕೆ ಇಡೀ ಕೇರಿ ಹಿಡಿದು ಕಡಲತೀರದ ರೆಸಾರ್ಟ್ ಕಟ್ಟುವ ಯೋಚನೆ. ಕರೆ ಬಂದ ಕೂಡಲೇ ಬೀಜಾಡಿಗೆ ಹೋಗಿದ್ದರು. ಚಂದಯ್ಯ ಬಾವಿಕಟ್ಟೆಯಲ್ಲಿ ಬಗ್ಗಿ, ಚೀಲ ಸಿಕ್ಕಿದ ಜಾಗ ತೋರಿಸುತ್ತಿದ್ದಾಗ ಹಿಂದಿನಿಂದ ದೂಡಿದ್ದರು. ಒಳಗಿನ ಕಲ್ಲಿಗೆ ತಲೆ ಬಡಿದು ಎಚ್ಚರ ತಪ್ಪಿತ್ತು.

*

ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬಂಧನದ ಸುದ್ದಿ ಬಂತು. ಮನೆಗಳು ಗಟ್ಟಿಯಾಗಿವೆ, ನೀರು ಸಿಹಿಯಾಗಿದೆ ಎಂಬುದನ್ನು ಯಾರೂ ಬರೆಯಲಿಲ್ಲ. 'ಬೀಜಾಡಿಯಲ್ಲಿ ಅಗ್ಗಕ್ಕೆ ಮನೆ ಸಿಕ್ಕುತ್ತಾ?' ಎಂದು ಕೇರಿಯವರಿಗೆ ಬರುವ ಕರೆಗಳು ನಿಲ್ಲಲಿಲ್ಲ. 'ತೆರೆಮಾತು' ಮುಚ್ಚಿತು. ತೃಷಾಳ ಕೆಲಸವೂ ಹೋಯಿತು.

ಅವಳು ಜಲಜಳ ಮನೆಗೆ ಹೋದಳು. ಜೊತೆಗೆ ನಿತೇಶ. ಅಂಗಳದಲ್ಲಿ ಬಚ್ಚ, ಸೂರ ಮತ್ತು ಕರಾರಿಗೆ ಸಹಿ ಹಾಕಿ ಈಗ ಅದನ್ನು ಮುರಿಯಲು ಹೊರಟಿದ್ದ ಐದೂ ಮನೆಯವರು ಸೇರಿದ್ದರು. ತೃಷಾ ಕೈಮುಗಿದಳು.

"ನನ್ನತ್ರ ಕ್ಷಮೆ ಕೇಂಬುದ್ ಬೇಡ ಹೆಣ್ಣೆ," ಎಂದಳು ಜಲಜ. "ಅವ್ರಂತೂ ವಾಪಾಸ್ ಬಪ್ಪುದಿಲ್ಲೆ. ನಿನ್ ಮೊಬೈಲ್ ತೆಗಿ."

"ಎಂತಕ್ಕೆ, ಅಕ್ಕ?"

"ಇಷ್ಟ್ ದಿನ ನಮ್ ಮನೆ ಸುದ್ದಿ ನೀವೆಲ್ಲ ಹೇಳಿದ್ರಿ. ಇವತ್ ನಾನ್ ಹೇಳ್ತೆ."

ತೃಷಾ ಮೊಬೈಲ್ ಹಿಡಿದಳು. ಜಲಜ ಸೆರಗು ಸರಿಮಾಡಿಕೊಂಡು ಬಾವಿಯ ಪಕ್ಕ ನೆಟ್ಟಗೆ ನಿಂತಳು. ಅಂಗಳದಲ್ಲಿದ್ದವರೆಲ್ಲ ಎದ್ದು ಬಂದು ಅವಳ ಹಿಂದೆ ಸಾಲಾಗಿ ನಿಂತರು.

"ನಾನ್ ಜಲಜ. ಚಂದಯ್ಯನ ಹೆಂಡ್ತಿ. ನಮ್ ಮನೆಗೆ ಎಷ್ಟ್ ದರ ಅಂತ ಟಿವಿಯವ್ರ್ ಹೇಳೂಕೆ ಇದೇನ್ ಅವ್ರಪ್ಪನ ಮನೆಯಾ? ನಾವ್ ಯಾರೂ ಮಾರೂದಿಲ್ಲೆ. ಮನೆ ಕಾಂಬುಕೆ ಬಪ್ಪವ್ರ್ ಬನ್ನಿ. ನೀರ್ ಕುಡ್ಕಂಡ್ ಹೋಯ್ನಿ."