ಕನ್ನಡಿಯೊಳಗಿನ ಹಳದಿ ಎದೆ

"ಅಮ್ಮಾ, ಮತ್ತೆ ಬಂತು! ಅಲ್ಲಾಡ್ಬೇಡ!"

ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅಮ್ಮ ಕಾಲು ನಿಲ್ಲಿಸಿದಳು.

ವರಾಂಡದಲ್ಲಿ ಎತ್ತರದ ಕನ್ನಡಿ ಇತ್ತು. ಗಿರಾಕಿಗಳು ಹೊಸ ಬಟ್ಟೆ ಹಾಕಿಕೊಂಡು ನೋಡೋದು ಅದರಲ್ಲೇ. ಈಗ ಅದರ ಮುಂದೆ ನಿಂತಿದ್ದದ್ದು ಒಂದು ಪುಟ್ಟ ಹಕ್ಕಿ. ನೀಲಿ ಬೆನ್ನು, ಹಳದಿ ಎದೆ, ಕಣ್ಣಿನ ಸುತ್ತ ಕಪ್ಪು ಪಟ್ಟಿ. ಟಕ್ ಟಕ್ ಅಂತ ಕನ್ನಡಿಯನ್ನು ಕುಟ್ಟಿ, ಪುರ್ರಂತ ಹಾರಿಹೋಯಿತು.

"ಇದು ನಮ್ಮನೆಗೇ ಯಾಕೆ ಬರುತ್ತೆ?"

"ನಿನ್ನ ಥರಾನೇ. ಕನ್ನಡಿ ಕಂಡ್ರೆ ಸಾಕು, ಜಾಗ ಬಿಟ್ಟು ಕದಲಲ್ಲ," ಅಂದಳು ಅಮ್ಮ.

ಮಾತಿಗೊಂದು 'ಯಾಕೆ' ಸೇರಿಸುವ ಈ ಹುಡುಗಿಯನ್ನು ಮನೆಯಲ್ಲೂ ಸ್ಕೂಲಲ್ಲೂ ಎಲ್ಲರೂ ಕರೆಯುತ್ತಿದ್ದದ್ದು ಯಾಕಮ್ಮ ಅಂತಲೇ. ಅವರ ಮನೆ ಬೆಟ್ಟದ ತುದಿಯಲ್ಲಿತ್ತು. ಮೋಡ ಅಲ್ಲಿ ಆಕಾಶದಲ್ಲಿ ಇರುತ್ತಿರಲಿಲ್ಲ, ಹಿತ್ತಲಿಗೇ ಇಳಿದು ಬರುತ್ತಿತ್ತು. ಹಿಂದಿನ ಕಾಡಿನ ಮರಗಳೆಲ್ಲ ಪಾಚಿಯ ಸ್ವೆಟರ್ ಹಾಕಿಕೊಂಡಂತೆ ಇದ್ದವು. ಆ ಹಕ್ಕಿ ಇದ್ದದ್ದು ಅಲ್ಲೇ. ಕೆಳಗಿನ ಪೇಟೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

ಹಾಗಾಗಿ ಸ್ಕೂಲಲ್ಲಿ ಯಾಕಮ್ಮ ಸ್ವಲ್ಪ ಜಂಬ ಕೊಚ್ಚಿಕೊಂಡಳು. "ಅದು ನನ್ನ ಫ್ರೆಂಡು. ದಿನಾ ನನ್ನ ನೋಡೋಕೇ ಬರುತ್ತೆ."

"ಪ್ರೂಫ್ ಎಲ್ಲಿ?" ಅಂದ ಪಕ್ಕದ ಬೆಂಚಿನವನು. ಯಾರು ಏನೇ ಹೇಳಿದರೂ ಅವನದು ಇದೊಂದೇ ಪ್ರಶ್ನೆ. ಅದಕ್ಕೇ ಅವನ ಹೆಸರು ಪ್ರೂಫ್.

"ಭಾನುವಾರ ಮನೆಗೆ ಬಾ, ತೋರಿಸ್ತೀನಿ!"

ಭಾನುವಾರ ಬೆಳಿಗ್ಗೆ ಯಾಕಮ್ಮ ಕಿಟಕಿಯ ಪರದೆ ಹಿಂದೆ ಉಸಿರು ಬಿಗಿಹಿಡಿದು ಕೂತಳು. ಹಕ್ಕಿ ಬಂತು. ಕೊಕ್ಕಿನಲ್ಲಿ ಒಂದು ಹಸಿರು ಹುಳು. ಕನ್ನಡಿ ಕಂಡದ್ದೇ ತಡ, ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿ ಅದರ ಮೇಲೆ ಎರಗಿತು. ಹುಳು ಕೆಳಗೆ ಬಿತ್ತು. ಕುಟ್ಟಿ ಕುಟ್ಟಿ ಸುಸ್ತಾಗಿ, ಬರಿಗೊಕ್ಕಿನಲ್ಲಿ ಹಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹುಳು ತಂದಿತು. ಅದೂ ಬಿತ್ತು.

ಹಿಡಿದ ಹುಳು ತಿನ್ನಲ್ಲ ಯಾಕೆ? ಯಾಕಮ್ಮ ಹಿತ್ತಲಿಗೆ ಹೋಗಿ ಹುಡುಕಿದಳು. ಬಾಗಿದ ಕೊಂಬೆಯಲ್ಲಿ ಪಾಚಿಯ ಉಂಡೆಯೊಂದು ನೇತಾಡುತ್ತಿತ್ತು. ಅದಕ್ಕೊಂದು ತೂತು. ಅದೇ ಬಣ್ಣದ ಇನ್ನೊಂದು ಹಕ್ಕಿ ಹುಳು ಕಚ್ಚಿಕೊಂಡು ಬಂದಾಗ, ತೂತಿನೊಳಗೆ ಪುಟ್ಟ ಪುಟ್ಟ ಬಾಯಿಗಳು ತೆರೆದುಕೊಂಡವು. ಹುಳು ಸಿಕ್ಕಿದ್ದು ಒಂದಕ್ಕೆ. ಉಳಿದ ಬಾಯಿಗಳು ತೆರೆದೇ ಇದ್ದವು.

ಅವಳು ಓಡಿಬಂದು ಕನ್ನಡಿಯ ಮುಂದೆ ನಿಂತಳು. ಒಳಗಿನಿಂದ ಅವಳ ಮುಖವೇ ಅವಳನ್ನು ದುರುಗುಟ್ಟಿ ನೋಡಿತು.

"ಅಮ್ಮಾ, ಕನ್ನಡೀಲಿರೋದು ತಾನೇ ಅಂತ ಹಕ್ಕಿಗೆ ಗೊತ್ತಾ?"

"ಗೊತ್ತಿದ್ರೆ ತನ್ನನ್ನ ತಾನೇ ಯಾಕೆ ಕುಟ್ಕೊಳ್ಳುತ್ತೆ?"

"ಹಾಗಾದ್ರೆ ಅದು ನನ್ನ ನೋಡೋಕೆ ಬರ್ತಿಲ್ಲ. ಬೇರೆ ಯಾವ್ದೋ ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂದ್ಕೊಂಡು ಓಡಿಸ್ತಿದೆ. ಆ ಜಗಳದಲ್ಲಿ ಮರಿಗಳ ಊಟ ಬೀಳಿಸ್ತಿದೆ!"

ಅಮ್ಮ ಲೈನಿಂಗ್ ಬಟ್ಟೆಯ ದೊಡ್ಡ ತುಂಡೊಂದನ್ನು ಎತ್ತಿಕೊಟ್ಟಳು.

ಯಾಕಮ್ಮ ಬಟ್ಟೆ ಹಿಡಿದು ನಿಂತೇಬಿಟ್ಟಳು. ಇನ್ನೇನು ಪ್ರೂಫ್ ಬಂದುಬಿಡ್ತಾನೆ. ಅವನು ನೋಡಿ ಹೋದ ಮೇಲೆ ಮುಚ್ಚಿದರೆ? ಒಂದೇ ಒಂದು ಸಲ? ತೆರೆದೇ ಇದ್ದ ಬಾಯಿಗಳು ಕಣ್ಣಮುಂದೆ ಬಂದವು. ಅವಳು ಸ್ಟೂಲ್ ಹತ್ತಿ ಕನ್ನಡಿಯನ್ನು ಪೂರ್ತಿ ಮುಚ್ಚಿದಳು.

ಪ್ರೂಫ್ ಏದುಸಿರು ಬಿಡುತ್ತಾ ದಿಬ್ಬ ಹತ್ತಿ ಬಂದ. "ಎಲ್ಲಿ ನಿನ್ನ ಫ್ರೆಂಡು?"

"ಅದು ನನ್ನ ಫ್ರೆಂಡ್ ಅಲ್ಲ. ಇಲ್ಲಿಗೆ ಇನ್ನು ಬರೋದೂ ಇಲ್ಲ."

"ನೋಡು, ಬರೀ ಬುರುಡೆ! ನಾಳೆ ಕ್ಲಾಸಲ್ಲಿ ಎಲ್ರಿಗೂ ಹೇಳ್ತೀನಿ."

ಯಾಕಮ್ಮನ ಮುಖ ಕೆಂಪಾಯಿತು. ಬಟ್ಟೆ ಸರಿಸಿದ್ದರೆ ಸಾಕಿತ್ತು. ಅವಳ ಕೈ ಅದರ ಅಂಚಿನವರೆಗೂ ಹೋಯಿತು. ಅಲ್ಲಿಂದ ಹಿಂದೆ ಬಂತು.

"ಹೇಳ್ಕೋ ಹೋಗು," ಅಂದಳು. ಆಮೇಲೆ ದನಿ ತಗ್ಗಿಸಿ, "ಸದ್ದು ಮಾಡಲ್ಲ ಅಂದ್ರೆ ಹಿತ್ತಲಿಗೆ ಬಾ."

ಅಷ್ಟರಲ್ಲಿ ಮೋಡ ಇಳಿದುಬಿಟ್ಟಿತ್ತು. ಮರವೂ ಇಲ್ಲ, ಗೂಡೂ ಇಲ್ಲ. ಎಲ್ಲ ಬೆಳ್ಳಗೆ. ಇಬ್ಬರೂ ಬಾಗಿಲ ಬಳಿಯೇ ಕುಕ್ಕರುಗಾಲಲ್ಲಿ ಕೂತರು.

ಮೋಡದೊಳಗೆ ಪುರ್ ಎಂದು ರೆಕ್ಕೆ ಬಡಿದ ಸದ್ದು. ಚೀಂ ಚೀಂ ಅಂತ ಗಲಾಟೆಯೋ ಗಲಾಟೆ. ಮತ್ತೆ ಪುರ್. ಆಮೇಲೆ ಗಪ್‌ಚುಪ್.

"ಏನಾಯ್ತು? ಸುಮ್ಮನಾಗ್ಬಿಟ್ವಲ್ಲ!" ಪ್ರೂಫ್ ಪಿಸುಗುಟ್ಟಿದ.

ಯಾಕಮ್ಮ ನಕ್ಕಳು.

"ಬಾಯಿ ತುಂಬಿರ್ಬೇಕು."