ಸೆನೆಟರ್ ಕ್ರಾಂಟ್ಸ್ ಬರೆಯದ ಕಾಗದ

ನಿಶ್ಚಿತಾ ಸೈಕಲ್ಲಿಗೆ ಬೀಗ ಕೂಡ ಹಾಕದೆ ನಮ್ಮ ಮನೆಯೊಳಗೆ ಬಂದಳು. ಹಿಂದೆಯೇ ಅವಳ ಸಹೋದ್ಯೋಗಿ ದಿಲೀಪ. ಜರ್ಮನಿಯ ಈ ಎರ್ಲಾಂಗೆನ್‌ಗೆ ಬಂದಾಗಿನಿಂದ ಇಬ್ಬರೂ ನನ್ನ ಕೈಯ ಹುಳಿ ಉಂಡವರು.

"ಅಂಕಲ್, ನಾಳೆ ನನ್ನ ಕೆಲಸದಿಂದ ತೆಗೀತಾರೆ. ಆಮೇಲೆ ವೀಸಾನೂ ಇಲ್ಲ. ಫೋರ್ಜರಿ ಮಾಡಿದೋಳು ಅಂತ ಹೆಸರು ಬಂದ್ರೆ ಎಲ್ಲಿ ಮುಖ ತೋರಿಸ್ಲಿ?"

ಅಂಕಲ್ ಎಂದರೆ ನಮ್ಮ ಯಜಮಾನರು, ಡಾಕ್ಟರ್ ಪುರುಷೋತ್ತಮ. ನಿವೃತ್ತಿಯ ನಂತರ ಇಲ್ಲಿನ ಕನ್ನಡಿಗರ ಪತ್ತೇದಾರ. ತಲೆಯ ಮೇಲಿನ ಸ್ವಂತ ಕನ್ನಡಕವನ್ನು ಮಾತ್ರ ನಾನೇ ಪತ್ತೆ ಮಾಡಿಕೊಡಬೇಕು.

ಮೂರು ವರ್ಷದಿಂದ ಅವಳು ಒಂದು ಖಾಸಗಿ ಪತ್ರಾಗಾರದಲ್ಲಿ ವಿಲ್‌ಹೆಲ್ಮ್ ಕ್ರಾಂಟ್ಸ್‌ನ ಜೀವನಚರಿತ್ರೆ ಬರೆಯುತ್ತಿದ್ದಳು. ಬವೇರಿಯಾದ ಬಡಗಿಯ ಮಗ ಕ್ರಾಂಟ್ಸ್, 1848ರ ದಂಗೆಯ ನಂತರ ಅಮೆರಿಕಕ್ಕೆ ಓಡಿ, ವಕೀಲನಾಗಿ, ಗುಲಾಮಗಿರಿಯ ವಿರುದ್ಧ ಭಾಷಣ ಮಾಡಿ, 1861ರಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡು, ಕೊನೆಗೆ ಸೆನೆಟರ್ ಆದವನು. ಈಗ ಅವಳು ಓದುವ ಪತ್ರಗಳ ಪೆಟ್ಟಿಗೆಯಲ್ಲಿ 1859ರ ತಾರೀಖಿನ ಕಾಗದವೊಂದು ಸಿಕ್ಕಿತ್ತು: ಗುಲಾಮರ ಒಡೆಯರಿಂದ ಲಂಚ ತಿಂದೆನೆಂದು ಕ್ರಾಂಟ್ಸ್ ಒಪ್ಪಿಕೊಂಡಂತೆ. ಶಾಯಿ ಮಾತ್ರ ಇತ್ತೀಚಿನದು. ಪ್ರಸಿದ್ಧಿಯ ಆಸೆಗೆ ಅವಳೇ ಸೃಷ್ಟಿಸಿದಳೆಂದು ಆರೋಪ. ಅವಳಿಗೆ ಆ ಕಾಗದವನ್ನು ತೋರಿಸಿಯೂ ಇರಲಿಲ್ಲ.

ಪತ್ರಗಳು ಯಾರ ಕೈಗೆ ಸಿಗುತ್ತವೆಂದು ಯಜಮಾನರು ಕೇಳಿದರು. ಕಪಾಟಿನ ಬೀಗದ ಕೈ ಇದ್ದದ್ದು ಇವರಿಬ್ಬರ ಹತ್ತಿರ ಮಾತ್ರ. ಯುದ್ಧಕ್ಕೆ ಮುಂಚಿನ ಪತ್ರಗಳು ಮುಟ್ಟಿದರೆ ಪುಡಿಯಾಗುವಂಥವು, ಅವನ್ನು ತೆರೆದು ಓದುತ್ತಿದ್ದವಳು ನಿಶ್ಚಿತಾ ಒಬ್ಬಳೇ. ಸೆನೆಟ್ ಕಾಲದವನ್ನು ದಿಲೀಪ ಸ್ಕ್ಯಾನ್ ಮಾಡುತ್ತಿದ್ದ. ಅವಳು ಅನ್ನ ಮುಟ್ಟಲಿಲ್ಲ, ಅಳಲೂ ಇಲ್ಲ.

ಮರುದಿನ ಪತ್ರಾಗಾರದ ಮುಖ್ಯಸ್ಥೆ ಫ್ರಾವ್ ಬ್ರಾಂಡ್ಲ್ ಅವರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಯಜಮಾನರು ಮೂರು ಕಾಗದಗಳನ್ನು ಸಾಲಾಗಿ ಇಡಿಸಿ, ಜರ್ಮನ್‌ನಲ್ಲಿ ಬಿಡಿಸಿ ಹೇಳಿದರು. 1855ರ ಅಕ್ಷರ ಬಲಕ್ಕೆ ವಾಲಿತ್ತು. 1875ರದ್ದು, ಎಡಗೈಯಲ್ಲಿ ಬರೆದದ್ದು, ಎಡಕ್ಕೆ. ನಕಲಿ ಕಾಗದವೂ ಎಡಕ್ಕೇ ವಾಲಿತ್ತು. ಎರಡೂ ಕೈ ಗಟ್ಟಿಯಿದ್ದ 1859ರಲ್ಲಿ ಕ್ರಾಂಟ್ಸ್ ಎಡಗೈಯಲ್ಲಿ ಏಕೆ ಬರೆದಾನು? ಹಳೆಯ ಅಕ್ಷರವನ್ನು ದಿನವೂ ಓದುವ ನಿಶ್ಚಿತಾ ಹೀಗೆ ಎಡವುವವಳಲ್ಲ. ಬರೆದವರು ಸೆನೆಟರ್ ಆದ ಮೇಲಿನ ಅಕ್ಷರವನ್ನಷ್ಟೇ ಕಂಡವರು.

ಆಮೇಲೆ ಕನ್ನಡದಲ್ಲಿ ಮೆಲ್ಲಗೆ ಕೇಳಿದರು: "ದಿಲೀಪ, ನೀನು ನೋಡಿದ್ದು ಎಡಗೈ ಬರಹ ಮಾತ್ರ ಅಲ್ವೇನಪ್ಪಾ?"

ಅವನು ತಲೆ ಎತ್ತಲಿಲ್ಲ. "ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಲಿಲ್ಲ ಅಂಕಲ್. ಇವಳ ಜಾಗ ಖಾಲಿ ಆದ್ರೆ ನಂಗೆ ಕೊಡ್ತಿದ್ರು."

ಜೊತೆಗೆ ಕೂತು ಉಂಡವಳಿಗೇ ಗುಂಡಿ ತೋಡಿದನಲ್ಲ ಎಂದು ನಾನು ಹಲ್ಲು ಕಚ್ಚಿದೆ. ಯಜಮಾನರು ಅವನ ಮಾತನ್ನು ಜರ್ಮನ್‌ನಲ್ಲಿ ಹೇಳಿದ ಮೇಲೆ ಫ್ರಾವ್ ಬ್ರಾಂಡ್ಲ್ ನಿಶ್ಚಿತಾಳ ಕೈ ಹಿಡಿದು ಕ್ಷಮೆ ಕೇಳಿದರು. ಅವಳು ಅವರತ್ತ ನೋಡಲೇ ಇಲ್ಲ.

"ನಿನ್ನ ವೀಸಾ ಯಾವತ್ತಿನವರೆಗೆ ಇದೆ?" ಎಂದು ದಿಲೀಪನನ್ನು ಕೇಳಿದಳು.

"ಶುಕ್ರವಾರ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದವಳು, ಅಷ್ಟು ಹೊತ್ತು ತಡೆದಿದ್ದ ಅಳುವನ್ನು ಆಗ ಅತ್ತಳು.